ಬೂದಿಕೋಟೆಯ ಹೈದರ್, ಲಂಡನ್ನಿನ ಕುಂಪಣಿ

ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ನನ್ನ ಅಣ್ಣನ ನೋಟ್ಸ್‌ನಲ್ಲಿ ಒಂದು ಸಾಲಿದೆ: ಮದ್ರಾಸ್ ಒಪ್ಪಂದ, 1769, ಹೈದರ್ ಅಲಿ ಮತ್ತು ಈಸ್ಟ್ ಇಂಡಿಯಾ ಕಂಪನಿ. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಒಂದು ಅಂಕ. ರಾತ್ರಿ ಹೊತ್ತು ಅವನಿಗೆ ಪ್ರಶ್ನೆ ಕೇಳುವುದು ನನ್ನ ಕೆಲಸ. ಒಂದು ದಿನ ಈ ಸಾಲಿಗೆ ಬಂದಾಗ ನನಗೇ ಒಂದು ಅನುಮಾನ ಬಂತು. ಒಪ್ಪಂದದ ಒಂದು ಕಡೆ ಮೈಸೂರು ರಾಜ್ಯವನ್ನು ಆಳುತ್ತಿದ್ದವನು. ಅದು ಸರಿ. ಇನ್ನೊಂದು ಕಡೆ ಇಂಗ್ಲೆಂಡಿನ ರಾಜ ಇರಬೇಕಿತ್ತಲ್ಲವೇ? ಇದ್ದದ್ದು ಒಂದು ಕಂಪನಿ. ಷೇರುದಾರರು, ನಿರ್ದೇಶಕರು, ಡಿವಿಡೆಂಡ್ ಎಲ್ಲ ಇದ್ದ ಕಂಪನಿ. ಮೆಣಸು, ಬಟ್ಟೆ ಕೊಳ್ಳಲು ಹಡಗಿನಲ್ಲಿ ಬಂದವರು ಒಂದು ರಾಜ್ಯದ ಜೊತೆ ಯುದ್ಧ, ಸಂಧಿ ಮಾಡುವಷ್ಟು ಬೆಳೆದದ್ದು ಹೇಗೆ?

ನಮ್ಮ ತಾತ ಹಳೆಯ ಕಾಲದ ಮಾತು ಬಂದಾಗಲೆಲ್ಲ ಕುಂಪಣಿ ಸರ್ಕಾರ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಅದು ಯಾವುದೋ ರಾಜನ ಹೆಸರು ಎಂದುಕೊಂಡಿದ್ದೆ. ಕಂಪನಿಯೇ ಸರ್ಕಾರವಾಗಿದ್ದ ಕಾಲ ಅದು ಎಂದು ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ನಾನು ಮುಳಬಾಗಿಲಿನಿಂದ ಕೋಲಾರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಬಿಇ ಓದುತ್ತಿದ್ದೇನೆ. ನಮ್ಮೂರಿನ ಬಂಡೆ ಬೆಟ್ಟ, ಕೋಲಾರದ ಮಕ್ಬರಾ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಇವನ್ನೆಲ್ಲ ನೋಡುತ್ತಲೇ ಬೆಳೆದವಳು. ಆ ಪ್ರಶ್ನೆಗೆ ಉತ್ತರ ಹುಡುಕಲು ಲೈಬ್ರರಿಗೆ ಹೋದ ಮೇಲೆ ಗೊತ್ತಾಯಿತು, ಈ ಮೂರೂ ಒಬ್ಬನೇ ಮನುಷ್ಯನ ಬದುಕಿಗೆ ಸೇರಿದ ಜಾಗಗಳು ಎಂದು. ಆ ಮನುಷ್ಯ ಹೈದರ್ ಅಲಿ. ಅವನ ಬಗ್ಗೆ ಹೊಗಳಿಕೆಯೂ ಸಾಕಷ್ಟಿದೆ, ತೆಗಳಿಕೆಯೂ ಸಾಕಷ್ಟಿದೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಟ್ಟು, ಒಂದು ದೊಡ್ಡ ಕಂಪನಿಗೆ ಎದುರಾಗಿ ನಿಂತವನ ಬದುಕು ಎಂದು ಅದನ್ನು ಓದಿ ನೋಡೋಣ ಬನ್ನಿ.

ಸಾಲದ ಮನೆಯ ಹುಡುಗ

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದ್ ಸಿಪಾಯಿ. ಆರ್ಕಾಟಿನ ನವಾಬನ ಬಳಿ, ಆಮೇಲೆ ಸಿರಾದ ಸುಬೇದಾರನ ಬಳಿ ಕೆಲಸ ಮಾಡಿ ಬೂದಿಕೋಟೆಯನ್ನು ಜಾಗೀರಾಗಿ ಪಡೆದವನು. ಹೈದರ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಆತ ಯುದ್ಧದಲ್ಲಿ ಸತ್ತ. ಕೋಲಾರದ ಮಕ್ಬರಾದಲ್ಲಿರುವುದು ಅವನ ಸಮಾಧಿ. ತಂದೆ ಬಿಟ್ಟುಹೋದ ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಜಾಗೀರುದಾರ ಆ ಮನೆಯವರನ್ನು ಹಿಡಿದಿಟ್ಟು, ಹೈದರ್ ಮತ್ತು ಅವನ ಅಣ್ಣ ಶಹಬಾಜ್‌ಗೆ ಹಿಂಸೆ ಕೊಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಮೈಸೂರಿನ ಸೇವೆಯಲ್ಲಿದ್ದ ಬಂಧುವೊಬ್ಬ ಅವರನ್ನು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡ.

ಹುಡುಗ ಓದು, ಬರಹ ಕಲಿಯಲಿಲ್ಲ. ಆದರೆ ನೆನಪು ಮಾತ್ರ ಅಸಾಧಾರಣ. ಮುಂದೆ ಅಧಿಕಾರಕ್ಕೆ ಬಂದ ಮೇಲೆ ಗುಮಾಸ್ತರು ಪತ್ರಗಳನ್ನು ಓದಿ ಹೇಳುತ್ತಿದ್ದರು, ಅವನು ಕೇಳಿಸಿಕೊಂಡು ಅಲ್ಲೇ ಉತ್ತರ ಬರೆಸುತ್ತಿದ್ದ. ಕನ್ನಡ, ತೆಲುಗು, ಮರಾಠಿ, ತಮಿಳು, ಹಿಂದೂಸ್ತಾನಿ ಎಲ್ಲವನ್ನೂ ಮಾತಾಡುತ್ತಿದ್ದ. ನಮ್ಮ ಕೋಲಾರದ ಸಂತೆಯಲ್ಲಿ ಬೆಳೆದವರಿಗೆ ಇದೇನೂ ಆಶ್ಚರ್ಯವಲ್ಲ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅವನ ಧೈರ್ಯ ಮೈಸೂರಿನ ಮಂತ್ರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಸಣ್ಣದೊಂದು ದಳದ ನಾಯಕತ್ವ ಸಿಕ್ಕಿತು. ಅಲ್ಲಿಂದ ಮೂರೇ ವರ್ಷಕ್ಕೆ ಅವನಿಗೆ ಕಂಪನಿಯ ಜೊತೆಗಿನ ಮೊದಲ ಪಾಠವೂ ಆಯಿತು.

ತಿರುಚಿನಾಪಳ್ಳಿಯ ಪಾಠ

ಆಗ ಆರ್ಕಾಟಿನ ನವಾಬಗಿರಿಗೆ ಇಬ್ಬರು ಕಿತ್ತಾಡುತ್ತಿದ್ದರು. ಒಬ್ಬನ ಬೆನ್ನಿಗೆ ಫ್ರೆಂಚ್ ಕಂಪನಿ, ಇನ್ನೊಬ್ಬ ಮಹಮ್ಮದ್ ಅಲಿಯ ಬೆನ್ನಿಗೆ ಇಂಗ್ಲಿಷ್ ಕಂಪನಿ. ತಿರುಚಿನಾಪಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ ಮಹಮ್ಮದ್ ಅಲಿ, ಮೈಸೂರಿನವರು ಸಹಾಯಕ್ಕೆ ಬಂದರೆ ಆ ಊರನ್ನೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ನಂಜರಾಜಯ್ಯ ದಂಡು, ಹಣ ಎರಡನ್ನೂ ಸುರಿದ. ಹೈದರ್ ಕೂಡ ಆ ದಂಡಿನಲ್ಲಿದ್ದ. 1752ರಲ್ಲಿ ಗೆಲುವಾಯಿತು. ನವಾಬ ಮಾತಿಗೆ ತಪ್ಪಿದ. ಕಂಪನಿ ನವಾಬನ ಪರ ನಿಂತಿತು. ಮೈಸೂರಿನ ಖಜಾನೆ ಬರಿದಾಯಿತು, ಸಂಬಳ ಸಿಗದ ಸಿಪಾಯಿಗಳು ದಂಗೆ ಎದ್ದರು.

ಹೈದರ್ ಅಲ್ಲಿ ಎರಡು ಸಂಗತಿ ಕಂಡ. ಒಂದು, ಐರೋಪ್ಯರ ಬಂದೂಕು, ಕವಾಯತು, ಸಾಲಾಗಿ ನಿಂತು ಗುಂಡು ಹಾರಿಸುವ ಶಿಸ್ತು. ಇನ್ನೊಂದು, ಕಂಪನಿಯ ಹಿಂದೆ ಬಚ್ಚಿಟ್ಟುಕೊಂಡ ರಾಜನ ಮಾತಿಗೆ ಬೆಲೆ ಇಲ್ಲ ಎಂಬುದು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ಶಸ್ತ್ರಾಗಾರ ಕಟ್ಟಿಸಿದ. 1761ರ ಹೊತ್ತಿಗೆ ಅರಮನೆಯ ಒಳಜಗಳಗಳನ್ನು ಬಳಸಿಕೊಂಡು ಮೈಸೂರಿನ ಅಧಿಕಾರವನ್ನೇ ಕೈಗೆ ತೆಗೆದುಕೊಂಡ. ಒಡೆಯರು ಹೆಸರಿಗೆ ಅರಸರಾಗಿ ಉಳಿದರು. 1763ರಲ್ಲಿ ಬಿದನೂರನ್ನು ಗೆದ್ದು ಅಲ್ಲಿನ ಸಂಪತ್ತನ್ನು ತಂದ. ಇವೆಲ್ಲ ನ್ಯಾಯವಾಗಿ ಬಂದದ್ದಲ್ಲ. ಅನ್ನ ಹಾಕಿದ ಮನೆಯ ಯಜಮಾನಿಕೆಯನ್ನೇ ಅವನು ಕಿತ್ತುಕೊಂಡ ಎಂದು ದೂರುವವರ ಮಾತಿನಲ್ಲಿ ಸತ್ಯವಿದೆ.

ಆ ಕಂಪನಿ ಎಂಥದ್ದು?

ಈಗ ಎದುರಿಗಿದ್ದವರನ್ನು ನೋಡೋಣ. 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಕೊಟ್ಟ ಸನ್ನದಿನಿಂದ ಹುಟ್ಟಿದ ವ್ಯಾಪಾರಿ ಸಂಸ್ಥೆ ಅದು. ಲಂಡನ್ನಿನಲ್ಲಿ 24 ನಿರ್ದೇಶಕರ ಸಭೆ. ಅವರನ್ನು ಆರಿಸುವವರು ಷೇರುದಾರರು. 1757ರ ಪ್ಲಾಸಿ, 1764ರ ಬಕ್ಸರ್ ಯುದ್ಧಗಳ ನಂತರ 1765ರಲ್ಲಿ ಮೊಗಲ್ ಬಾದಷಹ ಬಂಗಾಳದ ದಿವಾನಿಯನ್ನು, ಎಂದರೆ ಕಂದಾಯ ವಸೂಲಿಯ ಹಕ್ಕನ್ನು ಕಂಪನಿಗೆ ಬರೆದುಕೊಟ್ಟ. ಸರಕು ಮಾರಿ ಲಾಭ ಮಾಡುತ್ತಿದ್ದವರಿಗೆ ಕೋಟ್ಯಂತರ ರೈತರ ಕಂದಾಯವೇ ಲಾಭವಾಯಿತು. ಷೇರು ಬೆಲೆ ಏರಿತು.

ಇಂಗ್ಲೆಂಡಿನ ಸರ್ಕಾರ ಇದನ್ನು ತಡೆಯಿತೇ? ಇಲ್ಲ, ಪಾಲು ಕೇಳಿತು. 1767ರಿಂದ ವರ್ಷಕ್ಕೆ 4 ಲಕ್ಷ ಪೌಂಡ್ ಕೊಡಬೇಕೆಂದು ಪಾರ್ಲಿಮೆಂಟ್ ಕಟ್ಟುಮಾಡಿತು. ಪಾರ್ಲಿಮೆಂಟಿನ ಎಷ್ಟೋ ಸದಸ್ಯರು ಕಂಪನಿಯ ಷೇರುದಾರರೇ ಆಗಿದ್ದರು. ಕಾನೂನು ಮಾಡುವವರ ಜೇಬು ಕಂಪನಿಯ ಲಾಭಕ್ಕೆ ಹೊಲಿದುಕೊಂಡಿತ್ತು.

ಮದ್ರಾಸಿನಲ್ಲಿ ಇನ್ನೊಂದು ದಾರಿ ಇತ್ತು. ನವಾಬ ಮಹಮ್ಮದ್ ಅಲಿ ಕಂಪನಿಯ ದಂಡಿಗೆ ಹಣ ಕೊಡಬೇಕು. ಕೈಯಲ್ಲಿ ಹಣವಿಲ್ಲ. ಆಗ ಅದೇ ಕಂಪನಿಯ ನೌಕರರು ತಮ್ಮ ಸ್ವಂತ ಲೆಕ್ಕದಲ್ಲಿ ಭಾರಿ ಬಡ್ಡಿಗೆ ಸಾಲ ಕೊಡುತ್ತಿದ್ದರು. ಸಾಲಕ್ಕೆ ಹಳ್ಳಿಗಳ ಕಂದಾಯವೇ ಆಧಾರ. ನವಾಬನ ರಾಜ್ಯ ಬೆಳೆದಷ್ಟೂ ಸಾಲ ಕೊಟ್ಟವರ ಗಂಟು ಭದ್ರ. ಹೀಗೆ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರೇ ಯುದ್ಧದಿಂದ ಸ್ವಂತಕ್ಕೆ ಲಾಭ ಪಡೆಯುವವರೂ ಆದರು. ಈ ಸಾಲದ ದುಡ್ಡಿನಲ್ಲಿ ಊರಿಗೆ ಮರಳಿ ಪಾರ್ಲಿಮೆಂಟ್ ಸೀಟು ಹಿಡಿದವರೂ ಇದ್ದಾರೆ. ಪಾಲ್ ಬೆನ್‌ಫೀಲ್ಡ್ ಅವರಲ್ಲಿ ಹೆಚ್ಚು ಹೆಸರಾದವನು.

ನಮ್ಮ ನೆಲ ಕಾಗದದಲ್ಲಿ ಮಾರಾಟವಾದ ವರ್ಷ

1767ರಲ್ಲಿ ಮೊದಲ ಮೈಸೂರು ಯುದ್ಧ ಶುರುವಾಯಿತು. ಹೈದರಾಬಾದಿನ ನಿಜಾಮ ಮೊದಲು ಹೈದರನ ಜೊತೆಗಿದ್ದ, ಸೋಲು ಕಂಡೊಡನೆ ಕಂಪನಿಯ ಕಡೆಗೆ ಹೊರಳಿದ. 1768ರ ಮಚಲೀಪಟ್ಟಣ ಒಪ್ಪಂದದಲ್ಲಿ ಅವನು ಹೈದರನನ್ನು ದಂಗೆಕೋರನೆಂದು ಸಾರಿ, ಕರ್ನಾಟಕ ಬಾಲಾಘಾಟ್ ಎಂದರೆ ನಮ್ಮ ಈ ಮೇಲ್ನಾಡಿನ ದಿವಾನಿಯನ್ನು ವರ್ಷಕ್ಕೆ 7 ಲಕ್ಷ ರೂಪಾಯಿಗೆ ಕಂಪನಿಗೆ ಬರೆದುಕೊಟ್ಟ. ಈ ನೆಲ ನಿಜಾಮನ ಕೈಯಲ್ಲಿ ಇರಲೇ ಇಲ್ಲ. ಕೈಯಲ್ಲಿ ಇಲ್ಲದ್ದನ್ನು ಒಬ್ಬ ಮಾರಿದ, ಇನ್ನೊಬ್ಬ ಕೊಂಡ. ಹೊಲ ಉಳುತ್ತಿದ್ದವರಿಗೆ ಸುದ್ದಿಯೂ ಇರಲಿಲ್ಲ.

ಅದೇ ವರ್ಷ ಕಂಪನಿಯ ದಂಡು ಘಟ್ಟ ಹತ್ತಿ ಮುಳಬಾಗಿಲು, ಕೋಲಾರಗಳನ್ನು ಹಿಡಿಯಿತು. ದಂಡಿನ ಹಿಂದೆಯೇ ಮದ್ರಾಸ್ ಕೌನ್ಸಿಲ್ಲಿನ ಪ್ರತಿನಿಧಿಗಳೂ ನವಾಬ ಮಹಮ್ಮದ್ ಅಲಿಯೂ ಕೋಲಾರಕ್ಕೆ ಬಂದು ಕೂತರು. ಸೇನಾಪತಿಗೆ ಯುದ್ಧದ ಚಿಂತೆ, ಇವರಿಗೆ ಕಂದಾಯದ ಚಿಂತೆ. ಹೈದರ್ ಸಂಧಿಗೆ ಹೇಳಿಕಳಿಸಿದ. ಬಾರಾಮಹಲ್ ಪ್ರದೇಶವನ್ನೂ 10 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿದ. ಕಂಪನಿಗೆ ಅದು ಸಾಲದಾಯಿತು. ಇನ್ನೂ ಹೆಚ್ಚು ಕೇಳಿತು. ಮಾತುಕತೆ ಮುರಿಯಿತು.

ಅಕ್ಟೋಬರ್ ಮೊದಲ ವಾರ ನಮ್ಮ ಮುಳಬಾಗಿಲಿನ ಬೆಟ್ಟದಲ್ಲಿ ಯುದ್ಧವಾಯಿತು. ಅಷ್ಟರಲ್ಲಿ ಕೋಟೆ ಮತ್ತೆ ಹೈದರನ ಕೈಸೇರಿತ್ತು. ಕರ್ನಲ್ ವುಡ್‌ನ ಪಡೆ ಕೆಳಗಿನ ಕೋಟೆಯನ್ನು ಹಿಡಿದರೂ ಬಂಡೆಯ ಮೇಲಿನ ಕೋಟೆ ಹತ್ತಲಾಗಲಿಲ್ಲ. ಹೈದರನ ದಂಡು ಬಂದು ಸುತ್ತಿಕೊಂಡಿತು. ವುಡ್ ಸೋಲುವ ಹೊತ್ತಿಗೆ ಬ್ರೂಕ್ ಎಂಬ ಕ್ಯಾಪ್ಟನ್ ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆದು, ದೊಡ್ಡ ಸೇನಾಪತಿ ಸ್ಮಿತ್‌ನ ಹೆಸರು ಕೂಗಿಸುತ್ತಾ ಗುಂಡು ಹಾರಿಸಿದ. ಸ್ಮಿತ್‌ನ ಸೈನ್ಯವೇ ಬಂತೆಂದು ತಿಳಿದು ಹೈದರನ ಜನ ಹಿಂಜರಿದರು. ಎರಡೂ ಕಡೆ ತುಂಬ ಜನ ಸತ್ತರು. ಬಸ್ಸಿನ ಕಿಟಕಿಯಿಂದ ಆ ಬಂಡೆ ನೋಡುವಾಗಲೆಲ್ಲ ಈಗ ನನಗೆ ಆ ಫಿರಂಗಿಗಳು ನೆನಪಾಗುತ್ತವೆ.

ಮದ್ರಾಸಿನ ಬಾಗಿಲಲ್ಲಿ

ಹೈದರ್ ಯುದ್ಧದ ಜಾಗವನ್ನೇ ಬದಲಿಸಿದ. 1769ರ ಮಾರ್ಚಿನಲ್ಲಿ ಭಾರದ ಫಿರಂಗಿಗಳನ್ನು ಬಿಟ್ಟು, ಸುಮಾರು 6,000 ಕುದುರೆ ಸವಾರರೊಂದಿಗೆ ಮೂರೂವರೆ ದಿನದಲ್ಲಿ ಸುಮಾರು 130 ಮೈಲಿ ಸಾಗಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನಿಂತ. ಕಂಪನಿಯ ಸೈನ್ಯ ಹಿಂದೆಲ್ಲೋ ಉಳಿದಿತ್ತು. ಕೌನ್ಸಿಲ್ ಗಾಬರಿಯಾಗಿ ಸಂಧಿಗೆ ಬಂತು. ಏಪ್ರಿಲ್‌ನಲ್ಲಿ ಆದದ್ದೇ ನನ್ನ ಅಣ್ಣನ ಒಂದು ಅಂಕದ ಮದ್ರಾಸ್ ಒಪ್ಪಂದ. ಗೆದ್ದ ಊರುಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ಬೇರೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರುವುದು, ಇವು ಅದರ ಮುಖ್ಯ ಷರತ್ತುಗಳು.

ಪಠ್ಯಪುಸ್ತಕದಲ್ಲಿ ಇಲ್ಲದ ಮುಂದಿನ ಭಾಗ ಲಂಡನ್ನಿನಲ್ಲಿ ನಡೆಯಿತು. ಹೈದರನ ದಾಳಿಯ ಸುದ್ದಿ ಮೇ ಕೊನೆಯಲ್ಲಿ ಅಲ್ಲಿಗೆ ಮುಟ್ಟಿದಾಗ ಕಂಪನಿಯ ಷೇರು ಕುಸಿಯಿತು. ಸಾಲ ಮಾಡಿ ಷೇರು ಕೊಂಡಿದ್ದವರು ಮುಳುಗಿದರು. ಅವರಲ್ಲಿ ಪಾರ್ಲಿಮೆಂಟ್ ಸದಸ್ಯರೂ ಇದ್ದರು. ಮೂರೇ ವರ್ಷದಲ್ಲಿ, 1772ರಲ್ಲಿ, ಕಂಪನಿ ಸರ್ಕಾರದ ಮುಂದೆ ಸಾಲಕ್ಕೆ ಕೈಯೊಡ್ಡಿತು. 1773ರಲ್ಲಿ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು, ಜೊತೆಗೆ ರೆಗ್ಯುಲೇಟಿಂಗ್ ಕಾಯ್ದೆಯನ್ನೂ ತಂದಿತು. ಮುಳುಗಲು ಬಿಡಲಾರದಷ್ಟು ದೊಡ್ಡದಾದ ಕಂಪನಿಯನ್ನು ಜನರ ತೆರಿಗೆ ಹಣದಿಂದ ಎತ್ತಿ ನಿಲ್ಲಿಸುವುದು ನಮ್ಮ ಕಾಲದ ಸಂಗತಿ ಎಂದು ತಿಳಿದಿದ್ದೆ. ಅಲ್ಲ, ಅದಕ್ಕೆ 250 ವರ್ಷ ತುಂಬಿದೆ.

ಬೇರೆ ಬೇರೆ ಸಹಿಗಳು

1770ರಿಂದ ಮರಾಠರು ದಂಡೆತ್ತಿ ಬಂದಾಗ ಹೈದರ್ ಒಪ್ಪಂದದಂತೆ ಕಂಪನಿಯ ನೆರವು ಕೇಳಿದ. ನೆರವು ಬರಲಿಲ್ಲ. ತಿರುಚಿನಾಪಳ್ಳಿಯ ಪಾಠವೇ ಮತ್ತೊಮ್ಮೆ. ಹತ್ತು ವರ್ಷ ಕಾದು, 1780ರಲ್ಲಿ ಮರಾಠರು ಮತ್ತು ನಿಜಾಮನ ಜೊತೆ ಸೇರಿ ಕಂಪನಿಯ ವಿರುದ್ಧ ಕೂಟ ಕಟ್ಟಿದ. ಆ ಜುಲೈಯಲ್ಲಿ ದೊಡ್ಡ ಸೈನ್ಯದೊಂದಿಗೆ ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಪೂರ್ತಿ ಸೋತಿತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಮೈಸೂರು ರಾಕೆಟ್‌ಗಳು ಅಲ್ಲಿ ಬಳಕೆಯಾದವು. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಡೆಯುವುದರಿಂದ ರಾಕೆಟ್ ಹೆಚ್ಚು ದೂರ ಹೋಗುತ್ತದೆ ಎಂಬುದನ್ನು ಎಂಜಿನಿಯರಿಂಗ್ ಓದುವ ನಾವು ಇಂದಿಗೂ ಮೆಚ್ಚಬೇಕು.

ಆದರೆ ಈ ಯುದ್ಧದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಕಂಪನಿಗೆ ಕಾಳುಕಡಿ ಸಿಗಬಾರದೆಂದು ಹೈದರನ ದಂಡು ಮದ್ರಾಸಿನ ಸುತ್ತಲಿನ ಹಳ್ಳಿಗಳನ್ನು ಸುಟ್ಟಿತು. ಅಲ್ಲಿನ ರೈತರು ಕಂಪನಿಯ ಷೇರುದಾರರಾಗಿರಲಿಲ್ಲ. ಆದರೂ ಮನೆಮಠ ಕಳೆದುಕೊಂಡವರು ಅವರೇ.

ಕಂಪನಿ ಹೈದರನನ್ನು ಯುದ್ಧದಲ್ಲಿ ಮಾತ್ರ ಎದುರಿಸಲಿಲ್ಲ. ಗುಂಟೂರನ್ನು ಹಿಂದಕ್ಕೆ ಕೊಟ್ಟು ನಿಜಾಮನನ್ನು ಕೂಟದಿಂದ ಬಿಡಿಸಿತು. 1782ರ ಮೇ ತಿಂಗಳಲ್ಲಿ ಸಾಲ್ಬಾಯ್ ಒಪ್ಪಂದ ಮಾಡಿಕೊಂಡು ಮರಾಠರನ್ನೂ ಬಿಡಿಸಿತು. ಒಟ್ಟಿಗೆ ಕೂತು ಮಾತಾಡಬೇಕಿದ್ದ ಮೂವರಲ್ಲಿ ಇಬ್ಬರು ಬೇರೆ ಬೇರೆಯಾಗಿ ಸಹಿ ಹಾಕಿದರು. ಬಂಗಾಳದಿಂದ ಹಡಗುಗಳಲ್ಲಿ ದುಡ್ಡು, ಸಿಪಾಯಿಗಳು ಬರುತ್ತಲೇ ಇದ್ದರು. ಒಂದು ಯುದ್ಧ ಸೋತರೆ ಕಂಪನಿಗೆ ಇನ್ನೊಂದಕ್ಕೆ ಸಾಲ ಸಿಗುತ್ತಿತ್ತು. ಹೈದರನಿಗೆ ಆ ಅನುಕೂಲ ಇರಲಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಬಿಡಾರದಲ್ಲಿ, ಬೆನ್ನಿನ ಹುಣ್ಣಿನಿಂದ ಹೈದರ್ ಸತ್ತ. ವಯಸ್ಸು ಅರವತ್ತರ ಆಸುಪಾಸು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸೈನ್ಯ ಚದುರದಿರಲೆಂದು ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಖಜಾನೆ ಸಾಗಿಸುವಂತೆ ಪೆಟ್ಟಿಗೆಯಲ್ಲಿಟ್ಟು ದೇಹವನ್ನು ಕೋಲಾರಕ್ಕೆ ತಂದು ತಂದೆಯ ಸಮಾಧಿಯ ಬಳಿ ಇರಿಸಿದರು. ಆಮೇಲೆ ಅದನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಲಾಯಿತು. ಸಾಲದ ಮನೆಯಿಂದ ಹೊರಟ ಹುಡುಗ ಕೊನೆಗೆ ಒಮ್ಮೆ ಊರಿಗೆ ಬಂದದ್ದು ಹೀಗೆ.

ಎರಡೇ ವರ್ಷದಲ್ಲಿ, 1784ರಲ್ಲಿ, ಲಂಡನ್ನಿನ ಅಧಿಕಾರಸ್ಥರು ನವಾಬನ ಹೆಸರಲ್ಲಿದ್ದ ಆ ಸಾಲಗಳನ್ನು ಸರಿಯಾದ ವಿಚಾರಣೆಯಿಲ್ಲದೆ ಮಾನ್ಯ ಮಾಡಿ, ಕರ್ನಾಟಿಕ್ ಪ್ರದೇಶದ ಕಂದಾಯದಿಂದ ತೀರಿಸಲು ಹೇಳಿದರು. ಎಡ್ಮಂಡ್ ಬರ್ಕ್ 1785ರಲ್ಲಿ ಪಾರ್ಲಿಮೆಂಟಿನಲ್ಲಿ ಇದನ್ನು ಖಂಡಿಸಿ ದೀರ್ಘ ಭಾಷಣ ಮಾಡಿದ. ಫಲ ಸಿಗಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕಾಯಿತು. 1831ರಲ್ಲಿ ಆಡಳಿತವನ್ನೇ ಕಂಪನಿ ತೆಗೆದುಕೊಂಡಿತು. ಕೊನೆಗೆ 1858ರಲ್ಲಿ ಕಂಪನಿಯ ಆಳ್ವಿಕೆ ಮುಗಿಯಿತು, 1874ರಲ್ಲಿ ಕಂಪನಿಯೇ ಮುಚ್ಚಿತು.

ನಮ್ಮ ಕಾಲದ ಕಾಗದಗಳು

ಇದೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ಕಂಪನಿಯ ಬಲ ಫಿರಂಗಿಗಿಂತ ಹೆಚ್ಚಾಗಿ ಕಾಗದದಲ್ಲಿತ್ತು. ಸಾಲಪತ್ರ, ಷೇರುಪತ್ರ, ದಿವಾನಿಯ ಸನ್ನದು. ಹೈದರ್ ಫಿರಂಗಿಯನ್ನು ಎದುರಿಸಿದ, ಕಾಗದವನ್ನು ಎದುರಿಸಲು ಅವನಿಗೆ ಆಗಲಿಲ್ಲ. ಏಕೆಂದರೆ ಅದಕ್ಕೆ ಒಬ್ಬ ಶೂರ ಸಾಲದು. ಲೆಕ್ಕ ಕೇಳುವ ಜನ ಬೇಕು. ಅವನ ಪ್ರಜೆಗಳಿಗೆ ಅವನನ್ನೂ ಪ್ರಶ್ನಿಸುವ ಹಕ್ಕಿರಲಿಲ್ಲ, ಕಂಪನಿಯನ್ನೂ ಪ್ರಶ್ನಿಸುವ ಹಕ್ಕಿರಲಿಲ್ಲ.

ನಮಗೆ ಆ ಹಕ್ಕಿದೆ. ಇಂದಿನ ಕಂಪನಿಗಳು ದಂಡು ಕಟ್ಟುವುದಿಲ್ಲ. ಮಾಲೂರು, ನರಸಾಪುರ, ವೇಮಗಲ್‌ಗಳ ಕೈಗಾರಿಕಾ ಪ್ರದೇಶಗಳಿಂದ ನಮ್ಮ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ. ನನ್ನ ಮಾಲೂರಿನ ಗೆಳತಿಯ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಅಣ್ಣ ಈಗ ಕಾಂಟ್ರ್ಯಾಕ್ಟ್ ಮೇಲೆ ಫ್ಯಾಕ್ಟರಿಗೆ ಹೋಗುತ್ತಾನೆ. ಶ್ರೀನಿವಾಸಪುರದ ಗೆಳೆಯನ ಮನೆಯ ತೋತಾಪುರಿ ಮಾವಿಗೆ ಬೆಲೆ ಬರಬೇಕಾದರೆ ತಿರುಳು ತೆಗೆಯುವ ಕಾರ್ಖಾನೆಗಳು ಕೊಳ್ಳಬೇಕು. ಮುಂದಿನ ವರ್ಷ ನಾನೂ ಯಾವುದಾದರೂ ಕಂಪನಿಯ ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗುವವಳೇ. ಕಂಪನಿ ಬೇಡ ಎಂದು ಹೇಳುವ ಸ್ಥಿತಿಯಲ್ಲಿ ನಾನಿಲ್ಲ, ಹೇಳುವುದೂ ಇಲ್ಲ.

ಆದರೆ ಕಂಪನಿ ಮತ್ತು ಸರ್ಕಾರದ ನಡುವಿನ ಕಾಗದ ನಮಗೆ ಕಾಣಬೇಕು. ಭೂಮಿ ಯಾವ ಬೆಲೆಗೆ ಹೋಯಿತು, ನೀರು ಎಷ್ಟು ಕೊಡಲಾಯಿತು, ಕೆಲಸ ಎಷ್ಟು ಜನರಿಗೆ ಸಿಕ್ಕಿತು ಎಂದು ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಂಪನಿಗಳು ಪಕ್ಷಗಳಿಗೆ ಗುಟ್ಟಾಗಿ ಹಣ ಕೊಡಬಹುದಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಂಪನಿಗಳ ದೇಣಿಗೆಗೆ ಇದ್ದ ಮಿತಿಯನ್ನು ತೆಗೆದ ತಿದ್ದುಪಡಿಯನ್ನೂ ತಳ್ಳಿಹಾಕಿತು. ಯಾರು ಯಾರಿಗೆ ಹಣ ಕೊಟ್ಟರು ಎಂದು ತಿಳಿಯುವುದು ಮತದಾರನ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಪಾರ್ಲಿಮೆಂಟಿನಲ್ಲಿ ಕೂತಿದ್ದ ಷೇರುದಾರರ ಕಥೆ ಗೊತ್ತಿದ್ದವರಿಗೆ ಆ ತೀರ್ಪಿನ ಬೆಲೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ದೊಡ್ಡ ಮಾತು ಬಿಡಿ, ನಮ್ಮ ಮಟ್ಟಕ್ಕೆ ಬರೋಣ. ಪರಿಚಯದ ಸೀನಿಯರ್ ಅಕ್ಕ ಒಬ್ಬರು ಮೊದಲ ಕೆಲಸ ಸಿಕ್ಕ ಖುಷಿಯಲ್ಲಿ ಕಂಪನಿಯ ಬಾಂಡ್ ಓದದೆ ಸಹಿ ಹಾಕಿದ್ದರು. ಎರಡು ವರ್ಷ ಮುಗಿಯುವ ಮೊದಲು ಬಿಟ್ಟರೆ ದಂಡ ಕಟ್ಟಬೇಕೆಂಬುದು ತಿಳಿದದ್ದು, ಅಮ್ಮನಿಗೆ ಹುಷಾರಿಲ್ಲದೆ ಊರಿಗೆ ವಾಪಸಾಗಬೇಕಾದಾಗ. ಓದು ಬಾರದ ಹೈದರ್ ಪ್ರತಿ ಪತ್ರವನ್ನೂ ಓದಿಸಿ ಕೇಳುತ್ತಿದ್ದ. ಹದಿನೈದು ವರ್ಷ ಓದಿದ ನಾವು ಕೊನೆಯ ಪುಟಕ್ಕೆ ಹಾರಿ ಸಹಿ ಹಾಕುತ್ತೇವೆ.

ಕಳೆದ ವಾರ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಂದಣಿ ಫಾರ್ಮ್ ಕೊಟ್ಟರು. ನಾಲ್ಕು ಪುಟ. ನಾನು ಪೂರ್ತಿ ಓದಿ ಎರಡು ಪ್ರಶ್ನೆ ಕೇಳಿದೆ. ಹಿಂದಿನ ಬೆಂಚಿನವರು ನಕ್ಕರು. ಮೇಡಂ ಮಾತ್ರ ಉತ್ತರ ಹೇಳಿ, ಎಲ್ಲರೂ ಓದಿಯೇ ಸಹಿ ಮಾಡಿ ಎಂದು ಫಾರ್ಮ್‌ಗಳನ್ನು ಮನೆಗೆ ಕಳಿಸಿದರು. ಆ ರಾತ್ರಿ ಅಣ್ಣನಿಗೆ ಮತ್ತೆ ಮದ್ರಾಸ್ ಒಪ್ಪಂದದ ಪ್ರಶ್ನೆ ಕೇಳಿದೆ. ಅವನು 1769 ಎಂದ. ಸರಿ, ಒಂದು ಅಂಕ ಎಂದೆ. ಆಮೇಲೆ ಪುಸ್ತಕ ಮುಚ್ಚಿಟ್ಟು, ಆ ಒಪ್ಪಂದ ಯಾರ ಜೊತೆ ಆಯಿತು, ಏಕೆ ಆಯಿತು ಎಂಬ ಈ ಕಥೆಯನ್ನು ಪೂರ್ತಿಯಾಗಿ ಹೇಳಿದೆ.